ಮಾತಿಗೆ ಮುಂಚೆ ಬರುವ ಬೆರಳು

ಮನೆಯಲ್ಲಿ ವರ್ಷ ದಾಟಿದ ಮಗುವಿದ್ದರೆ, ಬಂದವರೆಲ್ಲ ಕೇಳುವ ಮೊದಲ ಪ್ರಶ್ನೆ ‘ಮಾತಾಡ್ತಾಳಾ?’ ಎಂಬುದು. ಅದರ ಬೆನ್ನಿಗೇ ‘ಎಷ್ಟು ಮಾತು ಬರುತ್ತೆ?’ ಎಂಬ ಲೆಕ್ಕದ ಪ್ರಶ್ನೆ ಬರುತ್ತದೆ. ಮಗಳಿಗೆ ಎರಡು ವರ್ಷ ತುಂಬಲು ಹತ್ತಿರವಾಗಿರುವ ಈ ಹೊತ್ತಿಗೆ, ಈ ಎರಡಕ್ಕಿಂತಲೂ ಮೊದಲು ಕೇಳಬೇಕಾದ ಮತ್ತೊಂದು ಪ್ರಶ್ನೆ ಇದೆ ಎಂಬುದು ನನಗೆ ಮನವರಿಕೆಯಾಗಿದೆ: ಮಗು ತಾನು ಕಂಡದ್ದನ್ನು ನಿಮಗೆ ತೋರಿಸುತ್ತದೆಯೇ? ಪದಗಳ ಸಂಖ್ಯೆ ಮಗುವಿನಿಂದ ಮಗುವಿಗೆ ಬಹಳ ಏರುಪೇರಾಗುತ್ತದೆ, ಆದರೆ ‘ಅಲ್ಲಿ ನೋಡು’ ಎಂದು ಇನ್ನೊಬ್ಬರ ಗಮನವನ್ನು ಎಳೆಯುವ ಹಂಬಲವಿಲ್ಲದೆ ಮಾತು ಬೇರೂರುವುದು ಕಷ್ಟ.

ಮೊದಲ ಮಾತು ಯಾವುದು ಎಂದು ಗೊತ್ತುಮಾಡುವುದೇ ಸುಲಭವಲ್ಲ. ಏಳೆಂಟು ತಿಂಗಳ ಹೊತ್ತಿಗೆ ಮಗು ‘ಮಮಮ’, ‘ಬಬಬ’, ‘ತಾತಾತಾ’ ಎಂದು ತೊದಲತೊಡಗಿದಾಗ, ತಮ್ಮನ್ನೇ ಕರೆಯಿತೆಂದು ಅಮ್ಮನೂ ತಾತನೂ ಹಿಗ್ಗುತ್ತಾರೆ. ಹಿಗ್ಗಲಿ, ಅದರಿಂದ ಯಾರಿಗೂ ನಷ್ಟವಿಲ್ಲ. ಆದರೆ ಆ ಹಂತದಲ್ಲಿ ಅದು ಬಾಯಿಯ ಆಟ ಮಾತ್ರ. ತುಟಿ ಮುಚ್ಚಿ ತೆರೆದರೆ ಹುಟ್ಟುವ ಮ, ಬ, ಪ ಮಗುವಿಗೆ ಎಲ್ಲಕ್ಕಿಂತ ಸುಲಭವಾದ ವ್ಯಂಜನಗಳು. ಹಾಲು ಕುಡಿಯುವಾಗ ಬಾಯಿ ತುಂಬಿದ್ದರೂ ಮೂಗಿನಿಂದ ಹೊರಡಬಲ್ಲ ಗುನುಗಿನಲ್ಲಿಯೇ ‘ಮ’ಕಾರದ ಮೂಲವಿದೆ ಎಂದೂ, ಜಗತ್ತಿನ ಅನೇಕ ಭಾಷೆಗಳಲ್ಲಿ ತಾಯಿಯ ಹೆಸರಿನಲ್ಲಿ ಅದು ನೆಲೆಸಿರುವುದಕ್ಕೆ ಇದೇ ಕಾರಣವೆಂದೂ ಭಾಷಾವಿಜ್ಞಾನಿ ರೋಮನ್ ಯಾಕಬ್ಸನ್ ವಾದಿಸಿದ್ದರು. ಅಂದರೆ ಮಗು ನಮ್ಮ ಹೆಸರನ್ನು ಕಲಿತದ್ದಕ್ಕಿಂತ, ಮಗುವಿನ ತೊದಲನ್ನು ನಾವೇ ನಮ್ಮ ಹೆಸರಾಗಿ ಇಟ್ಟುಕೊಂಡದ್ದು ಹೆಚ್ಚು ಎಂದಾಯಿತು.

ಉಚ್ಚಾರಣೆ ಸೊಟ್ಟಗಿದ್ದರೂ ಚಿಂತೆಯಿಲ್ಲ. ಅದೇ ಧ್ವನಿ ಅದೇ ಅರ್ಥಕ್ಕೆ, ಯಾರೂ ಹೇಳಿಸದೆ, ಬೇರೆ ಬೇರೆ ಸಂದರ್ಭಗಳಲ್ಲಿ ಮರಳಿ ಬಂದರೆ ಅದು ಪದವೇ ಸರಿ. ಈ ಅಳತೆಯಲ್ಲಿ ದೊಡ್ಡವರ ಭಾಷೆಯಲ್ಲಿ ಇಲ್ಲದ ಪದಗಳೂ ಲೆಕ್ಕಕ್ಕೆ ಬರುತ್ತವೆ. 1839ರಲ್ಲಿ ಹುಟ್ಟಿದ ತನ್ನ ಮೊದಲ ಮಗನ ಬೆಳವಣಿಗೆಯನ್ನು ಟಿಪ್ಪಣಿ ಮಾಡಿಟ್ಟುಕೊಂಡಿದ್ದ ಚಾರ್ಲ್ಸ್ ಡಾರ್ವಿನ್ ಅದನ್ನು 1877ರಲ್ಲಿ ಪ್ರಕಟಿಸಿದಾಗ, ಮಗುವಿಗೆ ಸರಿಯಾಗಿ ವರ್ಷ ತುಂಬಿದಾಗ ಆಹಾರಕ್ಕೆ ‘ಮಮ್’ ಎಂಬ ಪದವನ್ನು ತಾನೇ ಕಟ್ಟಿಕೊಂಡಿತೆಂದೂ, ಅದರ ಕೊನೆಯನ್ನು ಪ್ರಶ್ನೆ ಕೇಳುವಂತೆ ಏರಿಸುತ್ತಿತ್ತೆಂದೂ ದಾಖಲಿಸಿದ್ದಾನೆ. ಇಷ್ಟು ದೊಡ್ಡ ವಿಜ್ಞಾನಿಯೂ ಮಗುವಿನ ಮುಂದೆ ನಮ್ಮ ನಿಮ್ಮಂತೆಯೇ ಪುಸ್ತಕ ಹಿಡಿದು ಕುಳಿತಿದ್ದ ಎನ್ನುವುದು ನನಗೆ ಇಷ್ಟವಾದ ಸಂಗತಿ.

ಬಾಯಿ ತೆರೆಯುವ ಎಷ್ಟೋ ಮೊದಲೇ ಕಿವಿ ತನ್ನ ಕೆಲಸವನ್ನು ಬಹುಪಾಲು ಮುಗಿಸಿರುತ್ತದೆ. ಹುಟ್ಟಿದ ಕೆಲವೇ ದಿನಗಳ ಶಿಶು ಬೇರೆ ಹೆಂಗಸಿನ ಧ್ವನಿಗಿಂತ ತಾಯಿಯ ಧ್ವನಿಯನ್ನೇ ಬಯಸುತ್ತದೆ ಎಂಬುದು 1980ರಷ್ಟು ಹಿಂದೆಯೇ ಪ್ರಯೋಗದಿಂದ ತಿಳಿದಿತ್ತು. 1984ರಲ್ಲಿ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಪ್ರಕಟಿಸಿದ ಪ್ರಯೋಗವಂತೂ ಕನ್ನಡಿಗರಿಗೆ ವಿಶೇಷವಾಗಿ ರುಚಿಸುವಂಥದ್ದು. ಇಂಗ್ಲಿಷ್ ಮಾತ್ರ ಕೇಳಿಸುವ ಮನೆಗಳ ಶಿಶುಗಳು ಆರೆಂಟು ತಿಂಗಳಲ್ಲಿ ಹಿಂದಿಯ ‘ತ’ ಮತ್ತು ‘ಟ’ ನಡುವಿನ ವ್ಯತ್ಯಾಸವನ್ನು ಚೆನ್ನಾಗಿ ಗುರುತಿಸುತ್ತಿದ್ದವು. ಹತ್ತು ಹನ್ನೆರಡು ತಿಂಗಳ ಹೊತ್ತಿಗೆ ಆ ಸಾಮರ್ಥ್ಯ ಬಹಳ ಮಟ್ಟಿಗೆ ಕುಗ್ಗಿತ್ತು. ತನ್ನ ಸುತ್ತಲಿನ ಭಾಷೆಗೆ ಬೇಕಿಲ್ಲದ ಭೇದವನ್ನು ಕಿವಿ ಬದಿಗೆ ಸರಿಸಿ, ಬೇಕಾದ ಭೇದವನ್ನು ಹರಿತ ಮಾಡಿಕೊಳ್ಳುತ್ತದೆ. ಒಂದೂ ಪದ ಆಡದ, ‘ಏನೂ ತಿಳಿಯದ’ ಕೂಸು ಎಂದು ನಾವು ತಿಳಿದುಕೊಂಡಿರುವ ತಿಂಗಳುಗಳಲ್ಲಿಯೇ ಇದೆಲ್ಲ ನಡೆದುಹೋಗಿರುತ್ತದೆ. ಅರ್ಥದ ವಿಷಯದಲ್ಲಿಯೂ ಹಾಗೆಯೇ: ಆರರಿಂದ ಒಂಬತ್ತು ತಿಂಗಳ ಮಕ್ಕಳು ಕೆಲವು ತಿನಿಸುಗಳ, ಮೈಯ ಭಾಗಗಳ ಹೆಸರು ಕೇಳಿದಾಗ ಅದೇ ಚಿತ್ರದ ಕಡೆಗೆ ಹೆಚ್ಚು ನೋಡುತ್ತವೆ ಎಂದು 2012ರ ಒಂದು ಅಧ್ಯಯನ ತೋರಿಸಿತು.

ಈಗ ಬೆರಳಿನ ವಿಷಯಕ್ಕೆ ಬರುತ್ತೇನೆ. ಸುಮಾರು ಒಂಬತ್ತರಿಂದ ಹದಿನಾಲ್ಕು ತಿಂಗಳ ನಡುವೆ ಮಕ್ಕಳು ತೋರುಬೆರಳು ಚಾಚಲು ಕಲಿಯುತ್ತವೆ. ನನ್ನ ಮಗಳು ಕಿಟಕಿಯ ಬಳಿ ಸೊಂಟದ ಮೇಲಿದ್ದಾಗ ಹೊರಗಿನ ಕಾಗೆಯತ್ತ ಕೈಚಾಚಿ, ಒಮ್ಮೆ ಕಾಗೆಯನ್ನು ನೋಡಿ, ತಿರುಗಿ ನನ್ನ ಮುಖ ನೋಡಿ, ಮತ್ತೆ ಕಾಗೆಯ ಕಡೆಗೆ ಕಣ್ಣು ಹಾಯಿಸುತ್ತಿದ್ದಳು. ನಾನು ಅವಳನ್ನೇ ನೋಡಿ ಮುದ್ದಿಸಿದರೆ ಅವಳಿಗೆ ಸಮಾಧಾನವಿರಲಿಲ್ಲ. ಕಾಗೆಯನ್ನು ನೋಡಿ ಸುಮ್ಮನಿದ್ದರೂ ‘ಆಂ! ಆಂ!’ ಎಂದು ಬೆರಳನ್ನು ಇನ್ನಷ್ಟು ನೀಡುತ್ತಿದ್ದಳು. ಕಾಗೆಯನ್ನು ನೋಡಿ, ಅವಳನ್ನೂ ನೋಡಿ, ‘ಹೌದು ಪುಟ್ಟಿ, ಕಾಗೆ! ಹಾರಿಹೋಯ್ತು’ ಎಂದ ಮೇಲೆ ಕೈ ತಾನಾಗಿ ಕೆಳಗಿಳಿಯುತ್ತಿತ್ತು. 2004ರಲ್ಲಿ ಮೈಕೆಲ್ ಟೊಮಾಸೆಲೊ ಅವರ ತಂಡ ಹನ್ನೆರಡು ತಿಂಗಳ ಮಕ್ಕಳ ಮೇಲೆ ನಡೆಸಿದ ಪ್ರಯೋಗದಲ್ಲಿ ಕಂಡದ್ದೂ ಇದನ್ನೇ. ದೊಡ್ಡವರು ಮಗುವನ್ನು ಮಾತ್ರ ನೋಡಿದರೆ ಅಥವಾ ವಸ್ತುವನ್ನು ಮಾತ್ರ ನೋಡಿದರೆ ಮಗುವಿಗೆ ತೃಪ್ತಿಯಿಲ್ಲ, ಕಂಡದ್ದರ ಬಗ್ಗೆ ಇಬ್ಬರೂ ಒಟ್ಟಿಗೆ ಬೆರಗಾಗಬೇಕು.

ಬೆರಳಿನಲ್ಲಿ ಎರಡು ಬಗೆ. ‘ಅದು ಕೊಡು’ ಎಂದು ಕೇಳುವ ಬೆರಳು ಒಂದು, ‘ಅದು ನೋಡು’ ಎಂದು ತೋರಿಸುವ ಬೆರಳು ಇನ್ನೊಂದು. ಎಲಿಜಬೆತ್ ಬೇಟ್ಸ್ ಮತ್ತು ಸಂಗಡಿಗರು 1970ರ ದಶಕದಲ್ಲಿಯೇ ಈ ಭೇದವನ್ನು ಗುರುತಿಸಿದ್ದರು. ಕೇಳುವ ಬೆರಳಿಗೆ ಎದುರಿನವರು ಕೈಗೆ ಎಟುಕದ ವಸ್ತುವನ್ನು ತಂದುಕೊಡುವ ಸಾಧನ ಮಾತ್ರ ಆಗಿದ್ದರೂ ನಡೆಯುತ್ತದೆ. ತೋರಿಸುವ ಬೆರಳಿಗೆ ಮಾತ್ರ ಎದುರಿನವರಿಗೂ ಒಂದು ಮನಸ್ಸಿದೆ, ಅದನ್ನು ತಾನು ತಿರುಗಿಸಬಲ್ಲೆ ಎಂಬ ಅರಿವು ಬೇಕು. ಮಾತಿಗೆ ಬೇಕಾದದ್ದೂ ಇದೇ ಅಲ್ಲವೇ? ಮುಂದೆ 2005ರಲ್ಲಿ ಜಾನಾ ಐವರ್ಸನ್ ಮತ್ತು ಸೂಸನ್ ಗೋಲ್ಡಿನ್-ಮೆಡೊ ಅವರು ಮಕ್ಕಳನ್ನು ತಿಂಗಳುಗಟ್ಟಲೆ ಗಮನಿಸಿ, ಮಗು ಮೊದಲು ಬೆರಳಿನಿಂದ ಗುರುತಿಸಿದ ಅನೇಕ ವಸ್ತುಗಳ ಹೆಸರೇ ಆಮೇಲೆ ಅದರ ಬಾಯಿಗೆ ಬರುತ್ತದೆ ಎಂದೂ, ಒಂದು ಪದದ ಜೊತೆಗೆ ಬೇರೆಯದೇ ಅರ್ಥದ ಸನ್ನೆಯನ್ನು ಜೋಡಿಸಲು ಬೇಗ ಕಲಿತ ಮಕ್ಕಳು ಎರಡು ಪದಗಳ ಮಾತನ್ನೂ ಬೇಗ ಆಡುತ್ತವೆ ಎಂದೂ ತೋರಿಸಿದರು. ಲೋಟದ ಕಡೆ ಬೆರಳು ಮಾಡಿ ‘ಅಪ್ಪ’ ಎಂದಾಗ ‘ಅಪ್ಪನ ಲೋಟ’ ಎಂಬ ಪೂರ್ಣ ವಿಚಾರವೇ ಅಲ್ಲಿದೆ. ಅದರಲ್ಲಿ ಅರ್ಧ ಬಾಯಲ್ಲಿದೆ, ಅರ್ಧ ಕೈಯಲ್ಲಿದೆ.

ಮೊದಲ ಪದಗಳಲ್ಲಿ ಮನೆಯವರ ಹೆಸರು, ಪ್ರಾಣಿಗಳ ಕೂಗು, ‘ಟಾಟಾ’, ‘ಬೇಡ’ ಇವೆಲ್ಲ ನಿರೀಕ್ಷಿತವೇ. ನಮ್ಮ ಮನೆಯಲ್ಲಿ ‘ಬೇಕು’ ಎನ್ನುವುದಕ್ಕಿಂತ ಬಹಳ ಮೊದಲು ‘ಬೇಡ’ ಬಂತು. ಬೇಕೆನ್ನಲು ಬೆರಳೇ ಸಾಕಾಗಿತ್ತು ಎಂದು ತೋರುತ್ತದೆ. ಆದರೆ ನನ್ನನ್ನು ಹೆಚ್ಚು ಕಾಡಿದ ಪದ ‘ಆತು’. ಬಟ್ಟಲು ಖಾಲಿಯಾದಾಗ ನಾವು ‘ಆಯ್ತು’ ಎನ್ನುವುದನ್ನು ಕೇಳಿ ಅವಳು ಅದನ್ನು ಎತ್ತಿಕೊಂಡಳು. ಕೆಲವೇ ದಿನಗಳಲ್ಲಿ ಸ್ನಾನದ ನೀರು ಪೂರ್ತಿ ಇಂಗಿಹೋದಾಗ ‘ಆತು’, ದೀಪ ಆರಿದಾಗ ‘ಆತು’, ತಾತನ ಸ್ಕೂಟರ್ ತಿರುವಿನಲ್ಲಿ ಮರೆಯಾದಾಗಲೂ ‘ಆತು’ ಎನ್ನತೊಡಗಿದಳು. ಊಟ, ನೀರು, ಬೆಳಕು, ತಾತ, ಇವಕ್ಕೆ ನೋಡಲು ಯಾವ ಹೋಲಿಕೆಯೂ ಇಲ್ಲ. ಇದ್ದದ್ದು ಇಲ್ಲವಾಗುವುದು ಎಂಬ ಒಂದೇ ಎಳೆಯನ್ನು ಅವಳು ಅವುಗಳಿಂದ ಬಿಡಿಸಿಕೊಂಡಿದ್ದಳು. ಮುಚ್ಚಿಟ್ಟ ವಸ್ತು ಎಲ್ಲಿಗೂ ಹೋಗಿಲ್ಲ, ಅಲ್ಲೇ ಇದೆ ಎಂಬ ತಿಳಿವಳಿಕೆ ಗಟ್ಟಿಯಾಗುವ ವಯಸ್ಸಿನಲ್ಲಿಯೇ ಕಾಣೆಯಾಗುವುದಕ್ಕೆ ಸಂಬಂಧಿಸಿದ ಪದಗಳೂ ಮಕ್ಕಳ ಬಾಯಿಗೆ ಬರುವುದು ಅಧ್ಯಯನಕಾರರಿಗೂ ಕುತೂಹಲದ ವಿಷಯವಾಗಿದೆ.

ಒಂದೇ ಪದವನ್ನು ಅಗತ್ಯಕ್ಕಿಂತ ಅಗಲವಾಗಿ ಹರಡುವುದು ಈ ವಯಸ್ಸಿನ ಲಕ್ಷಣ. ನಾಲ್ಕು ಕಾಲಿದ್ದದ್ದೆಲ್ಲ ‘ಬೌ’, ದುಂಡಗಿದ್ದದ್ದೆಲ್ಲ ‘ಬಾಲು’. ಇದಕ್ಕೆ ಮಗುವಿಗೆ ನಾಯಿಗೂ ದನಕ್ಕೂ ವ್ಯತ್ಯಾಸ ಗೊತ್ತಿಲ್ಲ ಎಂದು ಅರ್ಥವಲ್ಲ. ‘ದನ ಎಲ್ಲಿ?’ ಎಂದು ಚಿತ್ರಗಳ ಮುಂದೆ ಕೇಳಿದರೆ ಅದು ಸರಿಯಾಗಿಯೇ ಬೆರಳಿಡಬಹುದು. ಹೇಳಲು ಮಾತ್ರ ಕೈಗೆ ಸಿಕ್ಕ ಹತ್ತಿರದ ಪದವನ್ನು ಬಳಸುತ್ತದೆ. ಉಚ್ಚಾರಣೆಯಲ್ಲಿಯೂ ಹೀಗೇ ಒಂದು ಕ್ರಮವಿದೆ. ನಾಲಿಗೆಯ ಹಿಂಭಾಗದಿಂದ ಹೊರಡುವ ‘ಕ’ ಮುಂಭಾಗಕ್ಕೆ ಜಾರಿ ‘ತ’ ಆಗುತ್ತದೆ, ಆದ್ದರಿಂದ ಬೆಕ್ಕು ‘ಬೆತ್ತು’ ಆಗುತ್ತದೆ, ಕಾಲು ‘ತಾಲು’ ಆಗುತ್ತದೆ. ‘ರ’ಕಾರ ತಡವಾಗಿ ಒಲಿಯುವ ಧ್ವನಿ, ಅದರ ಜಾಗದಲ್ಲಿ ‘ಲ’ವೋ ‘ಯ’ವೋ ಕುಳಿತಿರುತ್ತದೆ. ‘ಬೆತ್ತು ಅಲ್ಲ, ಬೆಕ್ಕು ಅನ್ನು’ ಎಂದು ಹಿಡಿದು ಹೇಳಿಸುವುದು ನನಗೆ ಒಪ್ಪಿಗೆಯಿಲ್ಲ. ‘ಹೌದು, ಬೆಕ್ಕು ಮಲಗಿದೆ’ ಎಂದು ಸರಿಯಾದ ರೂಪವನ್ನು ಮರಳಿ ಕೇಳಿಸಿ, ಮಾತನ್ನು ಒಂದು ಹೆಜ್ಜೆ ಮುಂದಕ್ಕೆ ಒಯ್ದರೆ ಸಾಕು. ವಾಕ್ ಚಿಕಿತ್ಸಕರು ಹೇಳುವುದೂ ಇದನ್ನೇ. ನಾವೇ ‘ಬೆತ್ತು’ ಎಂದು ಮುದ್ದಿಗಾಗಿ ಅನುಕರಿಸುವುದರಿಂದ ಆಕಾಶವೇನೂ ಕಳಚಿ ಬೀಳದು, ಆದರೆ ಮಗುವಿಗೆ ಕಲಿಯಲು ಬೇಕಾದ ಮಾದರಿ ಸಿಗುವುದಿಲ್ಲ.

ಪದವೊಂದು ಸರಿಹೋಗಲು ಎಷ್ಟು ಕಾಲ ಬೇಕು ಎಂಬುದನ್ನು ಬಹುಶಃ ಯಾರೂ ದೇಬ್ ರಾಯ್ ಅವರಷ್ಟು ಹತ್ತಿರದಿಂದ ನೋಡಿಲ್ಲ. ಅಮೆರಿಕದ ಎಂಐಟಿಯ ಈ ವಿಜ್ಞಾನಿ 2005ರಲ್ಲಿ ಮಗ ಹುಟ್ಟಿದಾಗ ತಮ್ಮ ಮನೆಯ ಚಾವಣಿಗೆಲ್ಲ ಕ್ಯಾಮೆರಾ, ಮೈಕ್ರೊಫೋನುಗಳನ್ನು ಅಳವಡಿಸಿ, ಮಗು ಎರಡು ಮೂರು ವರ್ಷದವನಾಗುವವರೆಗಿನ ಮಾತಿನ ಬಹುಪಾಲನ್ನು ದಾಖಲಿಸಿದರು. ನೀರಿಗೆ ‘ಗಾಗಾ’ ಎನ್ನುತ್ತಿದ್ದ ಮಗು ಸುಮಾರು ಆರು ತಿಂಗಳಲ್ಲಿ ಮೆಲ್ಲಮೆಲ್ಲನೆ ‘ವಾಟರ್’ಗೆ ಬಂದು ತಲುಪುವುದನ್ನು ಆ ಧ್ವನಿಮುದ್ರಣದಲ್ಲಿ ಕೇಳಬಹುದು. 2015ರಲ್ಲಿ ಅವರ ತಂಡ ಪ್ರಕಟಿಸಿದ ಫಲಿತಾಂಶ ಇನ್ನೂ ಉಪಯುಕ್ತ: ನಿರ್ದಿಷ್ಟ ಜಾಗದಲ್ಲಿ, ನಿರ್ದಿಷ್ಟ ಹೊತ್ತಿನಲ್ಲಿ, ನಿರ್ದಿಷ್ಟ ಕೆಲಸದ ನಡುವೆ ಕೇಳಿಸುವ ಪದಗಳನ್ನು ಮಗು ಬೇಗ ಆಡಿತು. ಸ್ನಾನದ ಮನೆಯಲ್ಲಿ ದಿನವೂ ಅದೇ ಕ್ರಮದಲ್ಲಿ ‘ಕೈ ಮೇಲೆ, ತಲೆಗೆ ನೀರು, ಕಣ್ಣು ಮುಚ್ಚು’ ಎನ್ನುವ ಅಜ್ಜಿಯ ಪಾಠ ಯಾವ ಚಿತ್ರಪಟಕ್ಕೂ ಕಡಿಮೆಯಲ್ಲ ಎಂದು ಇದನ್ನು ಓದಿದ ಮೇಲೆ ಧೈರ್ಯವಾಗಿ ಹೇಳಬಹುದು.

ಮಾತಿನ ನಡುವೆ ಮೈಯೂ ತನ್ನ ಕೆಲಸ ನಡೆಸಿರುತ್ತದೆ. ಕುಳಿತುಕೊಳ್ಳುವುದು, ನಿಲ್ಲುವುದು, ನಡೆಯುವುದು ಇವುಗಳ ಕಾಲಮಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿದಂತೆ ಐದು ದೇಶಗಳ ಮಕ್ಕಳನ್ನು ಗಮನಿಸಿ 2006ರಲ್ಲಿ ಪ್ರಕಟಿಸಿತು. ಅದರ ಪ್ರಕಾರ ಆಸರೆಯಿಲ್ಲದೆ ನಡೆಯುವ ಅವಧಿ 8.2 ತಿಂಗಳಿನಿಂದ 17.6 ತಿಂಗಳವರೆಗೆ ಚಾಚಿಕೊಂಡಿದೆ. ಒಂಬತ್ತು ತಿಂಗಳಿಗೂ ಮಿಕ್ಕಿದ ಅಂತರ! ಶೇ. 4ರಷ್ಟು ಮಕ್ಕಳು ಅಂಬೆಗಾಲಿಡುವುದನ್ನು ಬಿಟ್ಟು ನೇರ ಮುಂದಿನ ಹಂತಕ್ಕೆ ಹೋದವು. ನಡೆಯಲು ಕಲಿಯುವ ಶ್ರಮವೇನು ಕಡಿಮೆಯದಲ್ಲ. ಕ್ಯಾರನ್ ಅಡಾಲ್ಫ್ ಅವರ ತಂಡ 2012ರಲ್ಲಿ ಎಣಿಸಿದಂತೆ 12ರಿಂದ 19 ತಿಂಗಳ ಮಕ್ಕಳು ಆಡುವ ಒಂದು ಗಂಟೆಯಲ್ಲಿ ಸರಾಸರಿ 2,368 ಹೆಜ್ಜೆ ಇಟ್ಟು, 17 ಸಲ ಬೀಳುತ್ತವೆ. ಬಿದ್ದದ್ದನ್ನು ನಾವು ಎಣಿಸುತ್ತೇವೆ, ಅವು ಎಣಿಸುವುದಿಲ್ಲ. ನಡಿಗೆ ಬಂದ ಮೇಲೆ ಮಾತಿನ ದಾರಿಯೂ ಬದಲಾಗುತ್ತದೆ. ಎರಡೂ ಕೈ ಬಿಡುವಾಗಿರುವುದರಿಂದ ಮಗು ವಸ್ತುವನ್ನು ಹೊತ್ತು ತಂದು ನಿಮ್ಮ ಮಡಿಲಲ್ಲಿ ಹಾಕಿ ಮುಖ ನೋಡುತ್ತದೆ, ನೀವು ಅದರ ಹೆಸರು ಹೇಳುತ್ತೀರಿ.

ಲೆಕ್ಕ ಬೇಕೇ ಬೇಕು ಎನ್ನುವವರಿಗೆ ಅಮೆರಿಕದ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿ 2022ರಲ್ಲಿ ಪರಿಷ್ಕರಿಸಿದ ಪಟ್ಟಿ ಇದೆ. ನೂರಕ್ಕೆ 75 ಅಥವಾ ಅದಕ್ಕಿಂತ ಹೆಚ್ಚು ಮಕ್ಕಳು ಮಾಡುವಂಥದ್ದನ್ನು ಮಾತ್ರ ಅದರಲ್ಲಿ ಉಳಿಸಿಕೊಂಡಿದ್ದಾರೆ. ಹದಿನೈದು ತಿಂಗಳಿಗೆ ಅಮ್ಮ, ಅಪ್ಪ ಬಿಟ್ಟು ಒಂದೆರಡು ಪದಗಳ ಪ್ರಯತ್ನ, ಹದಿನೆಂಟಕ್ಕೆ ಮೂರು ಅಥವಾ ಹೆಚ್ಚು ಪದ, ಎರಡು ವರ್ಷಕ್ಕೆ ಎರಡು ಪದಗಳ ಜೋಡಣೆ, ಎರಡೂವರೆಗೆ ಸುಮಾರು ಐವತ್ತು ಪದ. ಅದೇ ಪಟ್ಟಿಯಲ್ಲಿ ಹದಿನೈದು ತಿಂಗಳಿಗೆ ಕೇಳಲು ಬೆರಳು ಮಾಡುವುದೂ, ಹದಿನೆಂಟಕ್ಕೆ ಸ್ವಾರಸ್ಯವಾದದ್ದನ್ನು ತೋರಿಸಲು ಬೆರಳು ಮಾಡುವುದೂ ಬೇರೆ ಬೇರೆಯಾಗಿ ಇವೆ. ಪದಗಳ ಸಾಲಿಗೆ ಕಣ್ಣು ಹಾಯಿಸುವವರು ಇವನ್ನು ದಾಟಿಹೋಗುವುದೇ ಹೆಚ್ಚು. ಇವು ಬಹುಪಾಲು ಮಕ್ಕಳು ದಾಟಿರುವ ಗಡಿಗಳೇ ಹೊರತು ಸರಾಸರಿಗಳಲ್ಲ. ಇಂಗ್ಲಿಷ್ ಕಲಿಯುವ ಮಕ್ಕಳ ಬಗ್ಗೆ 1994ರಲ್ಲಿ ಬಂದ ಹೆಸರಾಂತ ಅಧ್ಯಯನದಲ್ಲಿ ಎರಡು ವರ್ಷದ ಸರಾಸರಿ ಸುಮಾರು 300 ಪದಗಳಿದ್ದವು, ಆದರೆ ಕೆಳಗಿನ ಹತ್ತರಲ್ಲೊಂದು ಭಾಗ 60ನ್ನೂ ಮುಟ್ಟಿರಲಿಲ್ಲ, ಮೇಲಿನ ಹತ್ತರಲ್ಲೊಂದು ಭಾಗ 500 ದಾಟಿತ್ತು. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಕ್ಕಳಿಗೆ ಎರಡು ವರ್ಷದವರೆಗೆ ವಯಸ್ಸನ್ನು ಹೆರಿಗೆಗೆ ಗೊತ್ತುಮಾಡಿದ್ದ ದಿನದಿಂದ ಎಣಿಸಬೇಕು. ಮನೆಯಲ್ಲಿ ಎರಡು ಭಾಷೆಗಳಿದ್ದರೆ ಎರಡರ ಪದಗಳನ್ನೂ ಕೂಡಿಸಬೇಕು. ಎರಡು ಭಾಷೆ ಕೇಳಿಸಿದ್ದರಿಂದಲೇ ಮಾತು ತಡವಾಯಿತು ಎಂಬುದಕ್ಕೆ ಆಧಾರವಿಲ್ಲ.

ಪರದೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಎಲ್ಲರೂ ಬರೆದು ಆಗಿದೆ. ಒಂದು ಪ್ರಯೋಗ ಮಾತ್ರ ಮರೆಯುವಂಥದ್ದಲ್ಲ. ಪೆಟ್ರೀಷಿಯಾ ಕೂಲ್ ಅವರ ತಂಡ 2003ರಲ್ಲಿ ಒಂಬತ್ತು ತಿಂಗಳ ಅಮೆರಿಕನ್ ಶಿಶುಗಳಿಗೆ ಚೀನಾದ ಮ್ಯಾಂಡರಿನ್ ಭಾಷೆಯನ್ನು ಕೇಳಿಸಿತು. ಎದುರಿಗೆ ಕುಳಿತು ಆಡಿದವರಿಂದ ಶಿಶುಗಳು ಆ ಭಾಷೆಯ ಧ್ವನಿಭೇದವನ್ನು ಕಲಿತವು. ಅದೇ ವ್ಯಕ್ತಿಗಳು, ಅದೇ ಮಾತು ವಿಡಿಯೊದಲ್ಲಿ ಬಂದಾಗ ಏನೂ ಕಲಿಯಲಿಲ್ಲ. ಮಗುವಿನ ಬೆರಳು ಯಾವ ಕಡೆಗಿದೆ ಎಂದು ವಿಡಿಯೊ ತಿರುಗಿ ನೋಡುವುದಿಲ್ಲವಷ್ಟೆ.

ಇಷ್ಟೆಲ್ಲ ವೈವಿಧ್ಯವಿದೆ ಎಂದ ಮಾತ್ರಕ್ಕೆ ಕಾಯುತ್ತಾ ಕುಳಿತಿರಬೇಕೆಂದಲ್ಲ. ‘ಅವರಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು’, ‘ಗಂಡುಮಕ್ಕಳಿಗೆ ತಡ’ ಎಂಬ ಸಮಾಧಾನದ ಮಾತುಗಳಲ್ಲಿ ಅಮೂಲ್ಯವಾದ ತಿಂಗಳುಗಳು ಕಳೆದುಹೋಗುವುದನ್ನು ನಾನು ಪರಿಚಿತರ ಮನೆಗಳಲ್ಲಿ ನೋಡಿದ್ದೇನೆ. ವರ್ಷ ತುಂಬಿದರೂ ತೊದಲಿಲ್ಲ, ಟಾಟಾ ಮಾಡುವುದು ಬೆರಳು ತೋರುವುದು ಯಾವುದೂ ಇಲ್ಲ, ಹದಿನಾರು ತಿಂಗಳಿಗೆ ಒಂದೂ ಪದವಿಲ್ಲ, ಎರಡು ವರ್ಷಕ್ಕೆ ತಾನಾಗಿ ಎರಡು ಪದ ಜೋಡಿಸುವುದಿಲ್ಲ ಎಂದಾದರೆ ಮಕ್ಕಳ ವೈದ್ಯರನ್ನು ಕಾಣಲೇಬೇಕು. ಬಂದ ಮಾತು ಅಥವಾ ಬೆರೆಯುವ ಗುಣ ಕಳೆದುಹೋದರೆ ವಯಸ್ಸು ಎಷ್ಟೇ ಇರಲಿ ತಡಮಾಡಬಾರದು. ಮೊದಲು ನೋಡಿಸಬೇಕಾದದ್ದು ಕಿವಿಯನ್ನು. ಬಾಗಿಲು ಬಡಿದಾಗ ಬೆಚ್ಚುವ ಮಗುವಿಗೂ ಮಾತಿನ ಸೂಕ್ಷ್ಮ ಧ್ವನಿಗಳು ಕೇಳಿಸದಿರಬಹುದು, ಆದ್ದರಿಂದ ಚಪ್ಪಾಳೆ ತಟ್ಟಿ ನೋಡುವ ಮನೆಯ ಪರೀಕ್ಷೆಯನ್ನು ನೆಚ್ಚಿಕೊಳ್ಳಬಾರದು. ಹುಟ್ಟಿದ ಒಂದು ತಿಂಗಳೊಳಗೆ ಶ್ರವಣ ತಪಾಸಣೆ, ಸಂದೇಹವಿದ್ದರೆ ಮೂರು ತಿಂಗಳೊಳಗೆ ರೋಗನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆಯ ಆರಂಭ ಎಂಬುದು ತಜ್ಞರು ಒಪ್ಪಿದ ಸೂತ್ರ. ತಡವಾಗಿ ಮಾತು ಕಲಿಯುವ ಮಕ್ಕಳಲ್ಲಿ ಬಹಳಷ್ಟು ಮುಂದೆ ತಾವಾಗಿ ಸರಿಹೋಗುತ್ತವೆ, ನಿಜ. ಅಂಥವರಲ್ಲಿ ಮಾತು ಅರ್ಥವಾಗುವುದೂ ಸನ್ನೆಗಳೂ ಸಮೃದ್ಧವಾಗಿದ್ದರೆ ಭರವಸೆ ಹೆಚ್ಚು.

ನಮ್ಮ ಮನೆಯಲ್ಲಿ ಈಗ ಜೋಡಿಪದಗಳ ಕಾಲ. ‘ಅಮ್ಮ ಬಾ’, ‘ಲೈಟು ಆತು’, ‘ಬಾಲು ಇಲ್ಲ’. ಈ ಹಂತದಲ್ಲಿ ಇಂಗ್ಲಿಷ್ ಮಕ್ಕಳು ಪ್ರತ್ಯಯಗಳನ್ನೆಲ್ಲ ಕೈಬಿಟ್ಟು ತಂತಿ ಸಂದೇಶದಂತೆ ಮಾತನಾಡುತ್ತವೆ ಎಂದು ಹಳೆಯ ಅಧ್ಯಯನಗಳು ಹೇಳುತ್ತಿದ್ದವು. ಆದರೆ ಪದದ ಕೊನೆಗೆ ಪ್ರತ್ಯಯ ಸ್ಪಷ್ಟವಾಗಿ ಕೇಳಿಸುವ ಟರ್ಕಿಯಂಥ ಭಾಷೆಗಳಲ್ಲಿ ಮಕ್ಕಳು ವಿಭಕ್ತಿಗಳನ್ನು ಎರಡು ವರ್ಷದ ಆಸುಪಾಸಿನಲ್ಲಿಯೇ ಹಿಡಿದುಬಿಡುತ್ತವೆ. ಕನ್ನಡದ ರಚನೆಯೂ ಅದೇ ಬಗೆಯದು, ಅದರಲ್ಲಿಯೂ ‘ಬೇಕು’ ಎನ್ನಬೇಕಾದರೆ ‘ನನಗೆ’ ಎಂದು ಚತುರ್ಥಿಯನ್ನು ಬಳಸದೆ ಗತಿಯಿಲ್ಲ. ‘ನಾನು’, ‘ನೀನು’ ಮಾತ್ರ ಇನ್ನೂ ದೂರವಿವೆ. ಮಾತನಾಡುವವರು ಬದಲಾದಂತೆಲ್ಲ ಈ ಪದಗಳು ಸೂಚಿಸುವವರೂ ಬದಲಾಗುವುದರಿಂದ ಮಕ್ಕಳಿಗೆ ಇವು ಕಷ್ಟ. ಎಲ್ಲರೂ ತನ್ನನ್ನು ‘ಪಾಪು’ ಎನ್ನುವುದರಿಂದ ಅವಳೂ ತನ್ನನ್ನು ‘ಪಾಪು’ ಎಂದೇ ಕರೆದುಕೊಳ್ಳುತ್ತಾಳೆ. ಆದರೆ ‘ಗೆ’ ಸಿಕ್ಕಿದೆ. ಕೈಗೆ ಬಂದದ್ದನ್ನೆಲ್ಲ ಎತ್ತಿಕೊಂಡು ಹಂಚಲು ಹೊರಡುತ್ತಾಳೆ: ಚಮಚ ‘ಅಜ್ಜಿಗೆ’, ಒಂದೇ ಒಂದು ಸಾಕ್ಸು ‘ಅಪ್ಪಗೆ’, ಮುರಿದ ಪೆನ್ನು ಮತ್ತೆ ‘ಅಜ್ಜಿಗೆ’, ಚೆಂಡು ಮಾತ್ರ ಯಾವಾಗಲೂ ‘ಪಾಪುಗೆ’.